ಉದ್ದದ ಪಟ್‌ಗೆ ಹೊಸ ಪಟರ್ ಬೇಕಿಲ್ಲ

ಗಾಲ್ಫ್‌ನಲ್ಲಿ 30 ಅಡಿಯಿಂದ ಹೊಡೆದ ಪಟ್ (ಚೆಂಡನ್ನು ಹೋಲ್ ಕಡೆಗೆ ನೆಲದ ಮೇಲೆ ಉರುಳಿಸುವ ಹೊಡೆತ) ಒಮ್ಮೆ ಹೋಲ್‌ಗೆ 6 ಅಡಿ ಮೊದಲೇ ನಿಲ್ಲುತ್ತೆ, ಇನ್ನೊಮ್ಮೆ ಅಷ್ಟೇ ದೂರ ದಾಟಿ ಹೋಗುತ್ತೆ, ಹೊಸ ಪಟರ್ (ಈ ಹೊಡೆತಕ್ಕೆ ಬಳಸುವ ಕೋಲು) ಕೊಳ್ಳಲೇ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ದುಡ್ಡು ಹಾಕಬೇಡಿ. ನೀವು ಹೇಳಿದ್ದು ದಿಕ್ಕಿನ ತೊಂದರೆಯಲ್ಲ, ವೇಗದ್ದು.

ಉದ್ದದ ಪಟ್ ಅಂದಕೂಡಲೇ ಅನೇಕರು ಕೊನೆಗಳಿಗೆಯಲ್ಲಿ ಮಣಿಕಟ್ಟಿನಿಂದ ಜೋರು ಕೊಡುತ್ತಾರೆ. ಆ ಜೋರು ಎರಡು ಸಲ ಒಂದೇ ಥರ ಬರುವುದಿಲ್ಲ. ಭುಜದಿಂದ ತೂಗಿ. ಲಯ ಒಂದೇ ಇರಲಿ. ದೂರ ಹೆಚ್ಚಿದಂತೆ ಪಟರನ್ನು ಹಿಂದಕ್ಕೆ ಒಯ್ಯುವ ಅಳತೆ ಮಾತ್ರ ಹೆಚ್ಚಲಿ. ಹೊಡೆಯುವ ಮುಂಚಿನ ಪ್ರಾಕ್ಟೀಸ್ ಸ್ವಿಂಗ್‌ನಲ್ಲಿ ಚೆಂಡು ಬಿಟ್ಟು ಹೋಲ್ ಕಡೆಗೇ ನೋಡಿ, ದೂರದ ಅಂದಾಜು ಕೈಗೆ ಹತ್ತುತ್ತದೆ.

ಅಭ್ಯಾಸಕ್ಕೆ 20, 30, 40 ಅಡಿಗೆ ಒಂದೊಂದು ಟೀ (ಚೆಂಡು ಇಡುವ ಸಣ್ಣ ಗೂಟ) ನೆಟ್ಟು ಸರದಿಯಂತೆ ಹೊಡೆಯಿರಿ. ಒಂದೇ ಜಾಗಕ್ಕೆ ರಾಶಿ ಚೆಂಡು ಹೊಡೆದು ಹೆಚ್ಚು ಪ್ರಯೋಜನವಿಲ್ಲ.

ಇನ್ನೊಂದು ಮಾತು: ಬೆಳಗಿನ ಇಬ್ಬನಿಯಲ್ಲಿ ಗ್ರೀನ್ ಮೇಲೆ (ಹೋಲ್ ಸುತ್ತಲಿನ ನುಣ್ಣನೆ ಹುಲ್ಲಿನ ಜಾಗ) ಚೆಂಡು ನಿಧಾನ, ಬಿಸಿಲೇರಿ ಒಣಗಿದರೆ ಚುರುಕು. ಹೋಲ್‌ನ ಅಗಲ ಬರೀ 4.25 ಇಂಚು, ಅಷ್ಟು ದೂರದಿಂದ ಒಳಗೇ ಬೀಳಿಸುವ ಹಠ ಬೇಡ. 3 ಅಡಿಯೊಳಗೆ ನಿಂತರೆ ಸಾಕು. ವೇಗ ಸರಿಹೋದ ಮೇಲೂ ಚೆಂಡು ಒಂದೇ ಪಕ್ಕಕ್ಕೆ ಹೋಗುತ್ತಿದ್ದರೆ ಬರೆಯಿರಿ, ಪಟರ್ ಮುಖದ ಕೋನ ನೋಡೋಣ.