ಕ್ಯಾಮೆಲಿಯಾ ಮೊಗ್ಗು ಉದುರುತ್ತಿದೆ, ಏನು ಮಾಡಲಿ?

ಪ್ರಶ್ನೆ: ಎರಡು ವರ್ಷದ ಹಿಂದೆ ಊಟಿಯಿಂದ ಕ್ಯಾಮೆಲಿಯಾ ಗಿಡ ತಂದೆ. ನಮ್ಮ ತಾರಸಿಯಲ್ಲಿ, ಕುಂಡದಲ್ಲಿದೆ. ಎಲೆ ಹಳದಿಯಾಗಿದೆ, ನರ ಮಾತ್ರ ಹಸಿರು. ಮೊಗ್ಗು ಬಟಾಣಿ ಗಾತ್ರಕ್ಕೆ ಬಂದು ಉದುರುತ್ತದೆ. ಬೋರ್‌ವೆಲ್ ನೀರು, ಮೊಟ್ಟೆ ಸಿಪ್ಪೆಯ ಪುಡಿ ಹಾಕುತ್ತಿದ್ದೇನೆ.
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಮೊದಲು ಆ ಮೊಟ್ಟೆ ಸಿಪ್ಪೆ ನಿಲ್ಲಿಸಿ ಮೇಡಂ! ಕ್ಯಾಮೆಲಿಯಾ ಚಹಾ ಗಿಡದ ಒಡಹುಟ್ಟು. ಎರಡಕ್ಕೂ ಹುಳಿ ಮಣ್ಣೇ ಬೇಕು. ಮಣ್ಣಿನ ಹುಳಿ ಅಳೆಯುವ ಪಿಎಚ್ ಇದಕ್ಕೆ 5.5ರಿಂದ 6.5 ಇದ್ದರೆ ಚೆನ್ನ. ಸಿಪ್ಪೆಯಲ್ಲಿರುವುದು ಹುಳಿ ಕಳೆಯುವ ಸುಣ್ಣ. ನಮ್ಮ ಗಡಸು ಬೋರ್‌ವೆಲ್ ನೀರಲ್ಲೂ ಅದೇ. ಸುಣ್ಣ ಜಾಸ್ತಿಯಾದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಎಲೆ ಹಳದಿಯಾಗುವುದು ಅದಕ್ಕೇ. ಒಲೆ ಬೂದಿಯೂ ಹುಳಿ ಕಳೆಯುತ್ತದೆ, ನಾನೂ ಅದನ್ನು ಹಾಕಿ ಒಂದು ಗಿಡವನ್ನು ಕೊಂದಿದ್ದೇನೆ. ಬೇರೆ ಗಿಡಕ್ಕೆ ಹಾಕಿ ಮಿಕ್ಕಿದ್ದನ್ನು ಸುಮ್ನೆ ಇದಕ್ಕೂ ಸುರಿದಿದ್ದೆ, ಅಷ್ಟೆ!

ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಡಿ. ಇಲ್ಲದಿದ್ದರೆ ಕಾವೇರಿ ನೀರಾದರೂ ಆದೀತು. ಮಳೆಗಾಲ ಶುರುವಾದಾಗ ಮಣ್ಣು ಬದಲಿಸಿ. ಕೆಂಪು ಮಣ್ಣು, ತೊಳೆದ ತೆಂಗಿನ ನಾರಿನ ಪುಡಿ, ಚೆನ್ನಾಗಿ ಕೊಳೆತ ಎಲೆಗೊಬ್ಬರ ಸಾಕು. ಇದರ ಬೇರು ಮೇಲ್ಮೇಲೆ ಹರಡುತ್ತದೆ, ಆಳಕ್ಕೆ ಹೂಳಬೇಡಿ.

ಮೊಗ್ಗಿನ ಕಥೆ ಬೇರೆ. ತಾರಸಿಯ ಕಾವು ಒಂದು ಕಡೆ. ಎರಡು ದಿನ ಒಣಗಿಸಿ ಮೂರನೇ ದಿನ ಕೆರೆ ಮಾಡುವುದು ಇನ್ನೊಂದು ಕಡೆ. ಹಾಗೇ ಮಾಡುತ್ತೀರಿ, ಅಲ್ವಾ? ಬೆಳಗಿನ ಎಳೆ ಬಿಸಿಲಷ್ಟೇ ಬೀಳುವ ಮೂಲೆಗೆ ಇಳಿಸಿ, ಬುಡಕ್ಕೆ ಒಣ ಎಲೆ ಹೊದಿಸಿ. ಕತ್ತರಿ ಆಡಿಸುವುದು ಹೂ ಮುಗಿದ ಮೇಲೆ ಮಾತ್ರ.

ಊಟಿಯ ಚಳಿ ಇಲ್ಲಿ ಸಿಗದು, ಗಿಡದ ತುಂಬ ಹೂ ಕೇಳಬೇಡಿ. ನನ್ನದು ಕಳೆದ ಜನವರಿಯಲ್ಲಿ ಕೊಟ್ಟಿದ್ದು ನಾಲ್ಕೇ ನಾಲ್ಕು. ಪಕ್ಕದ ಮನೆಯವರು ಗುಲಾಬಿ ಅಂದುಕೊಂಡು ಮೂಸಿ ನೋಡಿ, ವಾಸನೆಯೇ ಇಲ್ಲವಲ್ರೀ ಅಂದರು.