ಶಿಬಿರದ ಅಭ್ಯಾಸ: ಗಾಜಿನ ಪಕ್ಕವೋ, ಮೇಲಿನ ಸಾಲೋ?

ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಐಸ್ ಹಾಕಿ ಲೀಗ್) ತಂಡದ ಸೆಪ್ಟೆಂಬರ್ ತರಬೇತಿ ಶಿಬಿರಕ್ಕೆ ಮೊದಲ ಬಾರಿ ಹೋಗುತ್ತಿದ್ದೇನೆ, ಎಲ್ಲಿ ಕೂರಲಿ ಎಂದು ಕೇಳಿದ್ದೀರಿ. ಮೊದಲ ಅರ್ಧ ಗಂಟೆ ಅಂಕಣದ ಸುತ್ತಲಿನ ಗಾಜಿನ ಬಳಿಯೇ ಇರಿ. ಸ್ಕೇಟಿನ ಅಲಗು ಮಂಜುಗಡ್ಡೆಯನ್ನು ಕೆರೆಯುವ ಸದ್ದು, ಪಕ್ (ಆಟದ ರಬ್ಬರ್ ಬಿಲ್ಲೆ) ಅಂಚಿನ ಹಲಗೆಗೆ ಬಡಿಯುವ ಏಟು, ತರಬೇತುದಾರರ ಕೂಗು, ಇವೆಲ್ಲ ಪಂದ್ಯದ ದಿನ ಗದ್ದಲದಲ್ಲಿ ಮುಳುಗಿಹೋಗುತ್ತವೆ. ಆಮೇಲೆ ಮೇಲಕ್ಕೆ ಹೋಗಿ. 200 ಅಡಿ ಉದ್ದದ ಅಂಕಣದಲ್ಲಿ ಐವರು ಒಟ್ಟಾಗಿ ಹೇಗೆ ಜಾಗ ಬದಲಿಸುತ್ತಾರೆ ಎಂಬುದು ಎತ್ತರದಿಂದಲೇ ಸರಿಯಾಗಿ ಕಾಣುವುದು.

ದಯವಿಟ್ಟು ತಾರೆಗಳನ್ನಷ್ಟೇ ನೋಡಬೇಡಿ. ಶಿಬಿರಕ್ಕೆ ಸಾಮಾನ್ಯವಾಗಿ ಐವತ್ತಕ್ಕೂ ಹೆಚ್ಚು ಆಟಗಾರರು ಬರುತ್ತಾರೆ. ಋತು ಆರಂಭವಾಗುವಾಗ ತಂಡದಲ್ಲಿ ಉಳಿಯುವವರು ಹೆಚ್ಚೆಂದರೆ 23. ಆ ಕೊನೆಯ ಒಂದೆರಡು ಸ್ಥಾನಗಳಿಗಾಗಿ ಹುಡುಗರು ಮೂಲೆಯಲ್ಲಿ ಒಬ್ಬರನ್ನೊಬ್ಬರು ಒತ್ತಿ ಪಕ್‌ಗಾಗಿ ಸೆಣಸುವುದನ್ನು ನೋಡಿದಾಗ ನನಗೆ ಈಗಲೂ ಎದೆ ಬಿಗಿಯುತ್ತದೆ. ಸಿದ್ಧತಾ ಪಂದ್ಯಗಳಿಗಿಂತ ಇದೇ ನನಗೆ ಹೆಚ್ಚು ಇಷ್ಟ.

ಆಟಗಾರರನ್ನು ಗುಂಪುಗಳಾಗಿ ವಿಂಗಡಿಸಿ ಬೇರೆ ಬೇರೆ ಹೊತ್ತಿಗೆ ಇಳಿಸುತ್ತಾರೆ. ನಿಮ್ಮ ಮೆಚ್ಚಿನವರು ಯಾವ ಗುಂಪಿನಲ್ಲಿದ್ದಾರೆಂದು ಹಿಂದಿನ ದಿನವೇ ತಂಡದ ಜಾಲತಾಣದಲ್ಲಿ ನೋಡಿಕೊಳ್ಳಿ. ಹೊರಗೆ ಎಷ್ಟೇ ಬಿಸಿಲಿದ್ದರೂ ಸ್ವೆಟರ್ ಮರೆಯಬೇಡಿ.