ಗ್ಯಾರೇಜ್ ಪ್ರಶ್ನೋತ್ತರ: ಹಿಂದಿನ ಗಾಜಿನಿಂದ ನೀರು ಸೋರಿದರೆ

ಪ್ರಶ್ನೆ: ಅಣ್ಣಾ, ಅಪ್ಪ ಬಿಟ್ಟುಹೋದ 1984ರ ಪ್ರೀಮಿಯರ್ ಪದ್ಮಿನಿ ನಮ್ಮ ಮನೆಯಲ್ಲಿದೆ. ಮಳೆ ಬಂದರೆ ಹಿಂದಿನ ಗಾಜಿನ ಕೆಳಮೂಲೆಯಿಂದ ನೀರು ಇಳಿದು ಸೀಟು ಒದ್ದೆಯಾಗುತ್ತದೆ. ಹೊರಗಿನಿಂದ ಸಿಲಿಕಾನ್ ಹಚ್ಚಿಸಿದರೂ ನಿಲ್ಲಲಿಲ್ಲ. ಈಗ ರಬ್ಬರಿನ ಪಕ್ಕ ಬಣ್ಣ ಉಬ್ಬಿದೆ. ಗಾಜಿನ ಸುತ್ತಲಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಹೊಸದು ಹಾಕಿಸಿದರೆ ಸಾಕಾ?
– ಓದುಗರೊಬ್ಬರು, ಅಂಕೋಲಾ

ಉತ್ತರ: ಸಾಕಾಗುವುದಿಲ್ಲ ತಂಗಿ. ಬಣ್ಣ ಉಬ್ಬಿದೆ ಎಂದಿರಲ್ಲ, ನನಗೆ ಚಿಂತೆ ಅದರದ್ದೇ. ರಬ್ಬರಿನ ಅಡಿಯ ತಗಡಿಗೆ ತುಕ್ಕು ಹಿಡಿದಿದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಅದು ಒಳಗೇ ಊದಿ ರಬ್ಬರನ್ನು ಎತ್ತುತ್ತದೆ, ಆ ಸಂದಿಯಲ್ಲಿ ಇನ್ನಷ್ಟು ನೀರು ಹೋಗುತ್ತದೆ. ಹೊಸ ಬೀಡಿಂಗ್ ಅದರ ಮೇಲೇ ಕೂರಿಸಿದರೆ ಅದೂ ಸರಿಯಾಗಿ ಕೂರುವುದಿಲ್ಲ, ಮತ್ತೆ ಸೋರುತ್ತದೆ.

ಹೊರಗಿನಿಂದ ಸಿಲಿಕಾನ್ ಹಚ್ಚುವುದನ್ನು ದಯವಿಟ್ಟು ನಿಲ್ಲಿಸಿ. ಒಂದು ಕಡೆ ಮುಚ್ಚಿದರೆ ನೀರು ಇನ್ನೊಂದು ಕಡೆಯಿಂದ ನುಗ್ಗುತ್ತದೆ, ಒಳಗೆ ಹೋದದ್ದು ಹೊರಗೆ ಬರಲಾಗದೆ ಅಲ್ಲೇ ಕೂರುತ್ತದೆ. ಹಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕಾನ್ ಇದೆಯಲ್ಲ, ಅದರಿಂದ ಹೊರಡುವ ಆಮ್ಲ ಬರಿ ತಗಡನ್ನೇ ತಿನ್ನುತ್ತದೆ.

ಹಾಗಾಗಿ ಮೊದಲು ಗಾಜು ಹೊರಗೆ ಬರಬೇಕು. ಹಳೇ ರಬ್ಬರನ್ನು ಉಳಿಸಲು ಹೋಗಬೇಡಿ, ಹೊರಗಿನ ತುಟಿಯನ್ನು ಬ್ಲೇಡಿನಿಂದ ಸುತ್ತಲೂ ಕೊಯ್ದರೆ ಗಾಜು ಸಲೀಸಾಗಿ ಬಿಡುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಲೇಬಾರದು. ಹಿಂದಿನ ಗಾಜು ಟಫನ್ ಮಾಡಿದ್ದು, ಅಂಚಿಗೆ ಏಟು ಬಿದ್ದರೆ ಇಡೀ ಗಾಜು ಕಡಲೆಪುರಿಯಂತೆ ಉದುರುತ್ತದೆ. ಹೊಸದು ಹುಡುಕುವುದು ಸುಲಭವಲ್ಲ, ಆ ಕಂಪನಿಯ ಮುಂಬೈ ಕುರ್ಲಾ ಕಾರ್ಖಾನೆಯಲ್ಲಿ ಪದ್ಮಿನಿ ತಯಾರಿ ನಿಂತು ಎಷ್ಟೋ ವರ್ಷವಾಯಿತು. ತೆಗೆದ ಗಾಜನ್ನು ಹಳೇ ಹಾಸಿಗೆ ಮೇಲೆ ಮಲಗಿಸಿಡಿ.

ಈಗ ತಗಡು ನೋಡಿ. ವೈರ್ ಬ್ರಷ್‌ನಿಂದ ಹೊಳೆಯುವ ಲೋಹ ಕಾಣುವ ತನಕ ಉಜ್ಜಿಸಿ. ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ, ತೂತಾದರೆ ಆ ಭಾಗ ಸತ್ತಿದೆ. ಅಲ್ಲಿ ಪುಟ್ಟಿ ತುಂಬಿಸುತ್ತೇನೆ ಎಂದರೆ ಒಪ್ಪಬೇಡಿ. ಪುಟ್ಟಿ ನೀರು ಹೀರುತ್ತದೆ, ಒಂದೆರಡು ಮಳೆಗಾಲದಲ್ಲಿ ಹಿಂಬದಿಯಿಂದ ಮತ್ತೆ ತುಕ್ಕು. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಸಿ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ವೈರ್ ಕಳಚಿ, ಹಿಂದಿನ ಸೀಟು ಮತ್ತು ಪೆಟ್ರೋಲ್ ಟ್ಯಾಂಕ್ ಹೊರಗೆ ತೆಗೆಸಿ. ಇದರಲ್ಲಿ ಮಾತ್ರ ಸಡಿಲ ಬೇಡ.

ಕರಾವಳಿಯ ಗಾಡಿಗೆ ಒಂದು ಮಾತು ಜಾಸ್ತಿ ಹೇಳಬೇಕು. ಕುಮಟಾದ ನಮ್ಮ ಗ್ಯಾರೇಜಿಗೆ ಕಾರವಾರ ಕಡೆಯಿಂದಲೂ ಗಾಡಿ ಬರುತ್ತವೆ, ದೇವಿಮನೆ ಘಟ್ಟ ಇಳಿದು ಶಿರಸಿಯಿಂದಲೂ ಬರುತ್ತವೆ. ಮಳೆ ಎರಡೂ ಕಡೆ ಧಾರಾಳ. ಆದರೆ ಸಮುದ್ರದ ಗಾಳಿಯ ಉಪ್ಪು ತಗಡಿನ ಗುಳಿಗಳಲ್ಲಿ ಕೂತು ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತದೆ. ಮಳೆ ಇಲ್ಲದ ದಿನವೂ ತುಕ್ಕು ಕೆಲಸ ಮಾಡುತ್ತಲೇ ಇರುತ್ತದೆ. ಆದ್ದರಿಂದ ಉಜ್ಜಿದ ಮೇಲೆ ಒಳ್ಳೆ ನೀರಿನಿಂದ ತೊಳೆದು, ಬಿಸಿಗಾಳಿಯಲ್ಲಿ ಪೂರ್ತಿ ಒಣಗಿಸಿ. ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿದರೆ ಕಪ್ಪಗಾಗಿ ಗಟ್ಟಿಯಾಗುತ್ತದೆ. ಕೈಗವಸು ಹಾಕಿಕೊಳ್ಳಿ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಹೇಳಿದ ಹಾಗೆ ಒರೆಸಿ, ಎಪಾಕ್ಸಿ ಪ್ರೈಮರ್, ಆಮೇಲೆ ಬಣ್ಣ. ಇದೆಲ್ಲ ಡಿಸೆಂಬರಿನಿಂದ ಮಾರ್ಚ್ ಒಳಗೆ ಮಾಡಿಸಿ. ಜೂನ್ ತಿಂಗಳಲ್ಲಿ ತೇವದ ತಗಡಿನ ಮೇಲೆ ಪ್ರೈಮರ್ ಹೊಡೆಸಿದರೆ ದುಡ್ಡು ದಂಡ.

ಗಾಜು ಕೂರಿಸಲು ಇಬ್ಬರು ಬೇಕು. ಹೊಸ ಬೀಡಿಂಗನ್ನು ಮೊದಲು ಗಾಜಿಗೆ ತೊಡಿಸಿ, ರಬ್ಬರಿನಲ್ಲಿ ತಗಡು ಕೂರುವ ಸೀಳಿನೊಳಗೆ ನೈಲಾನ್ ದಾರ ಸುತ್ತಿ, ಎರಡು ತುದಿ ಕಾರಿನ ಒಳಗೆ ಬಿಡಿ. ಸಾಬೂನು ನೀರು ಹಚ್ಚಿ. ಹೊರಗಿನವರು ಅಂಗೈಯಿಂದ ಒತ್ತುತ್ತಿದ್ದಂತೆ ಒಳಗಿನವರು ದಾರ ಎಳೆದರೆ ರಬ್ಬರಿನ ತುಟಿ ತಗಡನ್ನು ಹಾರಿ ಒಳಗೆ ಬರುತ್ತದೆ. ಗಾಜು ಕೂತ ಮೇಲೆ, ಒಣಗಿ ಗಟ್ಟಿಯಾಗದಂಥ ಸೀಲಂಟನ್ನು (ಸಂದು ಮುಚ್ಚುವ ಅಂಟು) ರಬ್ಬರ್ ಮತ್ತು ತಗಡಿನ ನಡುವೆ ತೆಳ್ಳಗೆ ತುಂಬಿಸಿ.

ಪ್ರಶ್ನೆ: ನಮ್ಮ ಅಂಬಾಸಿಡರ್ ಡಿಕ್ಕಿಯಲ್ಲಿ ನೀರು ನಿಲ್ಲುತ್ತದೆ. ಗಾಜಿನ ರಬ್ಬರ್ ಹೊಸದು. ಮತ್ತೆಲ್ಲಿಂದ?
– ಓದುಗರೊಬ್ಬರು, ಶಿರಸಿ

ಉತ್ತರ: ಡಿಕ್ಕಿ ಬಾಗಿಲಿನ ರಬ್ಬರ್ ಅಥವಾ ಹಿಂದಿನ ದೀಪಗಳ ಅಡಿಯ ಗ್ಯಾಸ್ಕೆಟ್ (ನೀರು ತಡೆಯುವ ರಬ್ಬರ್ ಹಾಳೆ) ಇರಬಹುದು, ಸುಮ್ನೆ ಊಹಿಸಿ ಖರ್ಚು ಮಾಡಬೇಡಿ. ಒಳಗೆಲ್ಲ ಒಣಗಿಸಿ ಸೀಮೆಸುಣ್ಣದ ಪುಡಿ ಉದುರಿಸಿ. ಪೈಪಿನ ನೀರನ್ನು ಮೆಲ್ಲಗೆ, ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಬಿಡುತ್ತಾ ಬನ್ನಿ. ಒಂದೊಂದು ಜಾಗದಲ್ಲೂ ಸ್ವಲ್ಪ ಹೊತ್ತು ನಿಲ್ಲಿಸಿ, ಡಿಕ್ಕಿ ತೆರೆದು ನೋಡಿ. ಪುಡಿಯಲ್ಲಿ ಗೆರೆ ಎಲ್ಲಿಂದ ಶುರುವಾಗಿದೆಯೋ ನೀರಿನ ದಾರಿ ಅದೇ. ಡಿಕ್ಕಿ ತಳದಲ್ಲಿ ನೀರು ಹೋಗುವ ತೂತು ಮಣ್ಣಿನಿಂದ ಕಟ್ಟಿದೆಯಾ ಅಂತಲೂ ಅದೇ ದಿನ ನೋಡಿಬಿಡಿ.